ಕಬ್ಬಿಗೆ ಅಟ್ರಾಜಿನ್ ಕಳೆನಾಶಕ ಹೊಡೆಸಿ ನಾಲ್ಕು ತಿಂಗಳಾಯ್ತು, ಕಬ್ಬು ಕೈಗೆ ಹತ್ತಲಿಲ್ಲ. ಈಗ ಅಲಸಂದೆ ಬಿತ್ತಬಹುದಾ? ಚೆನ್ನಾಗಿ ನೀರು ಹಾಯಿಸಿದರೆ ಔಷಧಿ ತೊಳೆದು ಹೋಗುತ್ತಾ?

ತಿಂಗಳು ಎಣಿಸಬೇಡಿ. ನಾನು ಎಣಿಸಿ ಬೆಳೆ ಕಳೆದುಕೊಂಡವನು.

ನಮ್ಮ ಗದ್ದೆ ಮಂಡ್ಯದ ಹತ್ತಿರ, ಕೆಆರ್‌ಎಸ್ ಅಣೆಕಟ್ಟಿನಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲವಲ್ಲ, ಆ ವರ್ಷದ ಕೊನೆಗೆ ಬೋರ್ ನಂಬಿಕೊಂಡು ಕಬ್ಬು ನೆಟ್ಟೆ. ಕಳೆ ಏಳೋ ಮುಂಚೆಯೇ ಅಟ್ರಾಜಿನ್ ಹೊಡೆಸಿದೆ. ಬೋರ್ ಕೈಕೊಡ್ತು, ಕಬ್ಬು ಒಣಗ್ತು. ಮೇ ಮಳೆ ಬಿದ್ದ ಕೂಡಲೇ ಉಳುಮೆ ಮಾಡಿಸಿ ಅಲಸಂದೆ ಬಿತ್ತಿದೆ. ಇಷ್ಟು ತಿಂಗಳಾದ ಮೇಲೆ ಔಷಧಿ ಎಲ್ಲಿ ಉಳಿದಿರುತ್ತೆ ಅನ್ನೋದು ನನ್ನ ಲೆಕ್ಕ.

ಮೊಳಕೆ ಸೊಗಸಾಗಿ ಬಂತು. ಅಟ್ರಾಜಿನ್ ಮೊಳಕೆ ತಡೆಯಲ್ಲ, ಎಲೆ ಬಿಸಿಲಲ್ಲಿ ಆಹಾರ ತಯಾರಿಸೋದನ್ನು ತಡೆಯುತ್ತೆ. ಬೀಜದೊಳಗಿನ ಸತ್ವ ಇರೋವರೆಗೂ ಗಿಡ ಹಸಿರಾಗೇ ಇತ್ತು. ಆಮೇಲೆ ಕೆಳಗಿನ ಎಲೆಗಳ ಅಂಚು ಹಳದಿಯಾಯ್ತು, ಕಂದಾಯ್ತು, ಮುಟ್ಟಿದರೆ ಪುಡಿಪುಡಿ. ನೀರು ಇಳಿದು ನಿಲ್ಲೋ ತಗ್ಗಿನ ಮೂಲೆಯಲ್ಲಿ ಒಂದು ಗಿಡವೂ ಉಳಿಯಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂದರೆ, ಅಟ್ರಾಜಿನ್ ಅರ್ಧಕ್ಕೆ ಇಳಿಯೋಕೆ ಸುಮಾರು 60 ದಿನ ಅಂತಾರೆ, ಅದನ್ನೇ ಹಿಡಿದುಕೊಂಡೆ. ಆ 60 ದಿನ ತೇವ ಇರೋ, ಬೆಚ್ಚಗಿರೋ ಮಣ್ಣಿಗೆ ಸಲ್ಲೋ ಮಾತು. ಔಷಧಿಯನ್ನು ಒಡೆಯೋದು ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳು. ತೇವ ಇಲ್ಲದಿದ್ದರೆ ಅವು ಕೆಲಸ ಮಾಡಲ್ಲ. ನನ್ನ ಗದ್ದೆ ಆ ಬೇಸಿಗೆ ಪೂರ್ತಿ ಬಿರುಕು ಬಿಟ್ಟು ಬಿದ್ದಿತ್ತು. ಕ್ಯಾಲೆಂಡರಿನಲ್ಲಿ ತಿಂಗಳು ಉರುಳಿದವು, ಮಣ್ಣಿನೊಳಗೆ ಔಷಧಿ ಹೆಚ್ಚುಕಮ್ಮಿ ಹಾಗೇ ಕೂತಿತ್ತು. ಸಾಲದ್ದಕ್ಕೆ ನಮ್ಮದು ಚೌಳು ಮಣ್ಣು. ಹುಳಿಮಣ್ಣಿನಲ್ಲಿ ಅಟ್ರಾಜಿನ್ ಬೇಗ ಒಡೆಯುತ್ತೆ, ಚೌಳಿನಲ್ಲಿ ನಿಧಾನ.

ನೀರು ಹಾಯಿಸಿ ತೊಳೆಯೋ ಯೋಚನೆಯನ್ನಂತೂ ಬಿಟ್ಟೇಬಿಡಿ. ಗ್ಲೈಫೋಸೇಟ್ ಅನ್ನೋ ಇನ್ನೊಂದು ಕಳೆನಾಶಕ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಅಟ್ರಾಜಿನ್ ಹಾಗಲ್ಲ, ನೀರು ಹೋದ ಕಡೆ ಹೋಗುತ್ತೆ. ಮೇಲ್ಮಣ್ಣು ದಾಟಿ ಕೆಳಗಿಳಿದರೆ ಅಲ್ಲಿ ಸೂಕ್ಷ್ಮಜೀವಿಗಳು ಕಮ್ಮಿ, ಒಡೆಯೋದು ಇನ್ನೂ ತಡ. ನಿಮ್ಮ ಗದ್ದೆ ಬಿಟ್ಟು ಹೋಯ್ತು ಅಂದರೆ ಪಕ್ಕದವರ ಗದ್ದೆಗೋ ಬೋರ್ ನೀರಿಗೋ ಸೇರಿತು ಅಂತ ಅರ್ಥ, ನಾಶವಾಯ್ತು ಅಂತಲ್ಲ. ಅಂತರ್ಜಲ ಕೆಡುತ್ತೆ ಅನ್ನೋ ಕಾರಣಕ್ಕೇ ಯುರೋಪ್ ಒಕ್ಕೂಟ 2004ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿತು. ಆ ಬೋರ್ ನೀರನ್ನೇ ನಾವು ಕುಡಿಯೋದು.

ನನ್ನ ಕೇಳಿದರೆ ಈ ಸಲ ಅಲಸಂದೆ ಬೇಡ, ಮುಸುಕಿನ ಜೋಳ ಹಾಕಿ. ಕಬ್ಬಿನ ಹಾಗೇ ಜೋಳವೂ ಅಟ್ರಾಜಿನ್‌ನ ವಿಷವನ್ನು ತನ್ನೊಳಗೇ ಮುರಿದುಕೊಳ್ಳುತ್ತೆ. ತಿಪ್ಪೆ ಗೊಬ್ಬರ ಚೆನ್ನಾಗಿ ಕೊಡಿ, ನೀರು ನಿಲ್ಲಿಸದೆ ತೇವ ಆರದಂತೆ ನೋಡಿಕೊಳ್ಳಿ. ಮಣ್ಣು ಔಷಧಿಯನ್ನು ಅಲ್ಲೇ ಅರಗಿಸಿಕೊಳ್ಳಲಿ.

ಅಲಸಂದೆಯೇ ಆಗಬೇಕು ಅನ್ನೋದಾದರೆ ಮೊದಲು ಕುಂಡದಲ್ಲಿ ಬಿತ್ತಿ. ಗದ್ದೆಯ ನಾಲ್ಕಾರು ಕಡೆಯಿಂದ ಗೇಣುದ್ದ ಆಳದ ಮಣ್ಣು ತೆಗೆದು ಒಂದು ಕುಂಡಕ್ಕೆ, ತಗ್ಗಿನ ಮೂಲೆಯ ಮಣ್ಣು ಬೇರೆ ಕುಂಡಕ್ಕೆ, ಔಷಧಿ ಸೋಕದ ಹಿತ್ತಲ ಮಣ್ಣು ಮತ್ತೊಂದಕ್ಕೆ. ಮೂರರಲ್ಲೂ ಅದೇ ಅಲಸಂದೆ ಬೀಜ ಹಾಕಿ, ಬಿಸಿಲಲ್ಲಿಟ್ಟು ಮೂರು ವಾರ ನೋಡಿ. ಮೊಳಕೆ ಬಂತು ಅಂತ ಬಿತ್ತನೆ ಬೀಜ ತರೋಕೆ ಹೋಗಬೇಡಿ, ಮೂರನೇ ಎಲೆ ಬಿಡೋವರೆಗೂ ಕಾಯಿರಿ.