ಬೆಳ್ಳಿ ಅಂಗಡಿಯ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ನಾಲ್ಕು ತಲೆಮಾರಿನ ಬೆಳ್ಳಿ ಬೆಳಕು’ ಪೂರ್ತಿ ಓದಿದೆ. ಮುತ್ತಜ್ಜ ಕುಲುಮೆ ಮುಂದೆ ಕೂತು ಲಿಂಗದ ಕರಡಿಗೆ, ಕಾಲುಂಗುರ ಮಾಡುತ್ತಿದ್ದ ಕಾಲದಿಂದ ನಿಮ್ಮ ಅಣ್ಣ ಎ.ಸಿ. ಶೋರೂಂ ತೆರೆದ ದಿನದವರೆಗೆ ಹದಿನಾಲ್ಕು ಪುಟ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅನ್ನಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಅಂಗಡಿಯ ಜಾಹೀರಾತು. ‘ಗ್ರಾಹಕರ ವಿಶ್ವಾಸವೇ ನಮ್ಮ ಬಂಡವಾಳ’ ಅನ್ನುವ ಮಾತು ಐದು ಕಡೆ ಬಂದಿದೆ. ಮುತ್ತಜ್ಜ ಪ್ರಾಮಾಣಿಕರು, ಅಜ್ಜ ಶ್ರಮಜೀವಿ, ಅಪ್ಪ ದೂರದೃಷ್ಟಿಯುಳ್ಳವರು. ಇರಬಹುದು. ಆದರೆ ಮೂವರಲ್ಲಿ ಒಬ್ಬರಿಗಾದರೂ ಸಾಲದ ಚಿಂತೆಯಲ್ಲಿ ನಿದ್ದೆ ಕೆಡಲಿಲ್ವಾ? ತೂಕದ ವಿಚಾರಕ್ಕೆ, ಮಜೂರಿ ವಿಚಾರಕ್ಕೆ ಯಾರ ಜೊತೆಗೂ ಮಾತಿಗೆ ಮಾತು ಬೆಳೆಯಲಿಲ್ವಾ? ಇಷ್ಟು ವರ್ಷ ಜಗಳವಿಲ್ಲದೆ ಬೆಳ್ಳಿ ಮಾರಿದ ಮನೆತನ ಇದ್ದರೆ ಅದೇ ದೊಡ್ಡ ಸುದ್ದಿ, ಮುಖಪುಟಕ್ಕೇ ಹಾಕೋಣ.

‘ಕರ್ನಾಟಕದ ಅತಿ ಹಳೆಯ ಆಭರಣ ಮಳಿಗೆ’ ಅನ್ನುವ ಸಾಲನ್ನು ಹೊಡೆದುಹಾಕಿ. ನಿಮ್ಮದು ಶುರುವಾದದ್ದು 1938ರಲ್ಲಿ ಅಂತ ನೀವೇ ಬರೆದಿದ್ದೀರಿ. ಬೆಂಗಳೂರಿನ ಸಿ. ಕೃಷ್ಣಯ್ಯ ಚೆಟ್ಟಿ ಅಂಗಡಿ 1869ರದ್ದು. ಅತಿ ಹಳೆಯದು ಅನ್ನಿಸಿಕೊಳ್ಳದಿದ್ದರೆ ನಿಮ್ಮ ಕಥೆಗೆ ಏನೂ ಕಡಿಮೆಯಾಗುವುದಿಲ್ಲ. ಹಾಗೇ ‘ನೂರಕ್ಕೆ ನೂರು ಶುದ್ಧ ಬೆಳ್ಳಿಯ ಗೆಜ್ಜೆ’ಯನ್ನೂ ತೆಗೆಯಿರಿ. ಅಪ್ಪಟ ಬೆಳ್ಳಿ ಮೆತ್ತಗೆ. ಸ್ವಲ್ಪ ತಾಮ್ರ ಬೆರೆಸದಿದ್ದರೆ ಗೆಜ್ಜೆ ನಿಲ್ಲುವುದಿಲ್ಲ. ಇದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂರನೇ ಪುಟಕ್ಕೆ ಬರುತ್ತೇನೆ. 1944ರಲ್ಲಿ ಮುತ್ತಜ್ಜ ‘ಅಪ್ಪಟ ಬೆಳ್ಳಿಯ ರೂಪಾಯಿ’ಗಳನ್ನು ಕರಗಿಸಿ ಮಠಕ್ಕೆ ದೀಪದ ಕಂಬ ಮಾಡಿಕೊಟ್ಟರು ಅಂತ ಇದೆ. ಯಾವ ರೂಪಾಯಿ? ಹಳೇ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು. 1947ಕ್ಕೆ ಬೆಳ್ಳಿಯೇ ಹೋಗಿ ನಿಕಲ್ ಬಂತು. ಅಂದರೆ 1944ರಲ್ಲಿ ಭಕ್ತರು ತಂದು ಸುರಿದ ರಾಶಿಯಲ್ಲಿ ಎರಡೂ ಥರದ ನಾಣ್ಯ ಇದ್ದಿರಬೇಕು. ಮುತ್ತಜ್ಜ ಇಸವಿ ನೋಡಿ ಬೇರೆ ಮಾಡಿದರಾ, ಒರೆಗಲ್ಲಿಗೆ ತಿಕ್ಕಿ ನೋಡಿದರಾ? ಅರ್ಧ ಬೆಳ್ಳಿಯ ನಾಣ್ಯ ಕೊಟ್ಟವರಿಗೆ ಏನು ಹೇಳಿದರು? ನೀವು ಐದು ಸಲ ಬರೆದ ವಿಶ್ವಾಸ ಕಣ್ಣಿಗೆ ಕಾಣುವುದು ಇಲ್ಲಿ. ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ನಿಜವಾಗಿ ಬೇಜಾರಾದದ್ದು ಆರನೇ ಪುಟದಲ್ಲಿ. 1962ರಿಂದ ನೇರ 1990ಕ್ಕೆ ಹಾರಿದ್ದೀರಿ. ನಡುವೆ ಇರುವುದು ‘ಕೆಲವು ಕಷ್ಟದ ವರ್ಷಗಳ ನಂತರ’ ಅಂತ ಮಾತ್ರ. ಆ ಕಷ್ಟ ಏನು ಗೊತ್ತಾ? ಚೀನಾ ಯುದ್ಧ ಮುಗಿದ ಬೆನ್ನಿಗೆ, 1963ರ ಜನವರಿಯಲ್ಲಿ, ಚಿನ್ನ ನಿಯಂತ್ರಣ ಬಂತು. ಮೊರಾರ್ಜಿ ದೇಸಾಯಿ ಆಗ ಹಣಕಾಸು ಮಂತ್ರಿ. ಹೊಸ ಒಡವೆ 14 ಕ್ಯಾರೆಟ್ ದಾಟಬಾರದು ಅಂದರು (ಅಪ್ಪಟ ಚಿನ್ನ ಅಂದರೆ 24 ಕ್ಯಾರೆಟ್). ಮಗಳ ಮದುವೆಗೆ 14 ಕ್ಯಾರೆಟ್ಟಿನ ತಾಳಿ ಯಾರು ಮಾಡಿಸುತ್ತಾರೆ? ಪತ್ತಾರರ ಕೈಗೆ ಕೆಲಸವೇ ಇಲ್ಲದಂತಾಯಿತು. ದೇಶದಲ್ಲಿ ಎಷ್ಟೋ ಅಕ್ಕಸಾಲಿಗರು ಬೀದಿಗೆ ಬಿದ್ದರು, ಕೆಲವರು ಜೀವ ಕಳೆದುಕೊಂಡರು. 14 ಕ್ಯಾರೆಟ್ ಕಟ್ಟು ಸಡಿಲವಾದದ್ದು 1966ರಲ್ಲಿ. 1968ರಲ್ಲಿ ಪೂರ್ತಿ ಕಾಯ್ದೆಯೇ ಬಂತು: ಲೈಸೆನ್ಸು, ಲೆಕ್ಕದ ಪುಸ್ತಕ, ತಪಾಸಣೆ. ಅದು ರದ್ದಾದದ್ದು 1990ರಲ್ಲಿ.

ಬೆಳ್ಳಿಗೆ ಈ ಯಾವ ನಿಯಂತ್ರಣದ ಹಂಗೂ ಇರಲಿಲ್ಲ. ಈಗ ನೀವೇ ಕಳಿಸಿದ ಫೋಟೋ ನೋಡಿ. 1961ರ ಫೋಟೋದಲ್ಲಿ ಬೋರ್ಡಿನ ಮೇಲೆ ‘ಚಿನ್ನ ಬೆಳ್ಳಿ ಕೆಲಸ’ ಅಂತ ಇದೆ. 1965ರದ್ದರಲ್ಲಿ ‘ಬೆಳ್ಳಿ ಸಾಮಾನು’ ಅಷ್ಟೇ. ವಂಶವೃಕ್ಷದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಅಜ್ಜನ ತಮ್ಮ 1963ರಲ್ಲಿ ಹುಬ್ಬಳ್ಳಿಗೆ ಮಿಲ್ ಕೆಲಸಕ್ಕೆ ಹೋದರು ಅಂತಲೂ ಇದೆ. ಈ ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ನೀವು ಕಷ್ಟದ ವರ್ಷಗಳು ಅಂತ ಬರೆದು ಮುಂದೆ ಹೋಗಿದ್ದೀರಲ್ಲ! ಆ ಚಿಕ್ಕಜ್ಜನ ಮಕ್ಕಳು ಯಾರಾದರೂ ಇದ್ದರೆ ಮೊದಲು ಅವರನ್ನು ಮಾತಾಡಿಸಿ.

ಇನ್ನೊಂದು ಪ್ರಶ್ನೆ ಇಡೀ ಲೇಖನದಲ್ಲಿ ಎಲ್ಲೂ ಏಳುವುದಿಲ್ಲ. ನಿಮ್ಮ ಮನೆಯವರು ಮಾಡುವುದನ್ನು ಬಿಟ್ಟು ಬರೀ ಮಾರುವುದಕ್ಕೆ ಶುರು ಮಾಡಿದ್ದು ಯಾವಾಗ? ನಾಲ್ಕನೇ ಪುಟದಲ್ಲಿ ಅಜ್ಜ ತಗಡು ಬಡಿಯುತ್ತಿದ್ದಾರೆ. ಹತ್ತನೇ ಪುಟದಲ್ಲಿ ಅಪ್ಪ ಸೇಲಂನಿಂದ, ಕೊಲ್ಹಾಪುರದ ಹತ್ತಿರದ ಹುಪರಿಯಿಂದ ಗೆಜ್ಜೆ ತರಿಸುತ್ತಿದ್ದಾರೆ. ನಡುವೆ ಒಂದು ದಿನ ಕುಲುಮೆ ಆರಿರಬೇಕಲ್ಲ? ಊದುಗೊಳವೆ, ಮೂಸೆ, ಇಕ್ಕಳ ಎಲ್ಲ ಎಲ್ಲಿ ಹೋದವು? ಕೊನೆಯ ಕರಡಿಗೆ ಮಾಡಿದವರು ಯಾರು? ನ್ಯೂಯಾರ್ಕಿನ ಟಿಫನಿ ಅಂಗಡಿಯದು ಇದಕ್ಕೆ ಪೂರಾ ಉಲ್ಟಾ. 1837ರಲ್ಲಿ ಕಾಗದ, ಅಲಂಕಾರದ ಸಾಮಾನು ಮಾರುವ ಅಂಗಡಿಯಾಗಿ ಶುರುವಾಯಿತು. 1851ರಲ್ಲಿ ಜಾನ್ ಮೂರ್ ಅನ್ನುವ ಬೆಳ್ಳಿ ಕೆಲಸಗಾರನ ಕಾರ್ಖಾನೆಯನ್ನು ತಮಗಾಗಿಯೇ ಕೆಲಸ ಮಾಡುವಂತೆ ಒಪ್ಪಿಸಿದರು, 1868ರಲ್ಲಿ ಅದನ್ನೇ ಕಂಪನಿಗೆ ಸೇರಿಸಿಕೊಂಡರು. ಅವರು ಗಲ್ಲಾದಿಂದ ಕುಲುಮೆಗೆ ಹೋದರು, ನೀವು ಕುಲುಮೆಯಿಂದ ಗಲ್ಲಾಕ್ಕೆ ಬಂದಿರಿ. ಅವರ ಮೊದಲ ದಿನದ ವ್ಯಾಪಾರ 4 ಡಾಲರ್ 98 ಸೆಂಟ್ ಅಂತ ಇವತ್ತಿಗೂ ಹೇಳುತ್ತಾರೆ. ನಿಮ್ಮ ಹದಿನಾಲ್ಕು ಪುಟದಲ್ಲಿ ಒಂದು ದಿನದ ಲೆಕ್ಕವೂ ಇಲ್ಲ. ಕೆಂಪು ಬಟ್ಟೆಯ ಖಾತೆ ಪುಸ್ತಕಗಳು ಅಟ್ಟದ ಮೇಲಿವೆ ಅಂತ ಬರೆದಿದ್ದೀರಿ. ಇಳಿಸಿ, ಧೂಳು ಕೊಡವಿ, ಓದಿ.

ಹಾಗಾದರೆ ಒಳ್ಳೆಯದು ಏನೂ ಇಲ್ವಾ? ಇದೆ. ಒಂಬತ್ತನೇ ಪುಟ. ಅಜ್ಜಿ ಅಂಗಡಿ ಕಸವನ್ನು ಹೊರಗೆ ಚೆಲ್ಲುತ್ತಿರಲಿಲ್ಲ. ಅರದ ಪುಡಿ, ಮೂಸೆಯಿಂದ ಸಿಡಿದ ಚೂರು, ಕುಲುಮೆ ಬೂದಿ, ಎಲ್ಲ ಗುಡಿಸಿ ಡಾಲ್ಡಾ ಡಬ್ಬಿಗೆ ತುಂಬುತ್ತಿದ್ದರು. ಕೂತೆದ್ದ ಚಾಪೆಯನ್ನೂ ಅದರ ಮೇಲೇ ಕೊಡವುತ್ತಿದ್ದರು. ದೀಪಾವಳಿಗೆ ಮುಂಚೆ ಅದನ್ನು ತೊಳೆಸಿ, ಕರಗಿಸಿ, ಬಂದ ಬೆಳ್ಳಿಯಲ್ಲಿ ಮೊಮ್ಮಗಳಿಗೆ ಉಡಿದಾರ. ಆ ವರ್ಷ ಕೆಲಸ ಎಷ್ಟಿತ್ತು ಅಂತ ಅಜ್ಜಿ ಡಬ್ಬಿ ಎತ್ತಿ ನೋಡಿಯೇ ಹೇಳುತ್ತಿದ್ದರು ಅಂತ ಬರೆದಿದ್ದೀರಿ. ಇಲ್ಲಿ ನೀವು ಯಾರನ್ನೂ ಹೊಗಳಿಲ್ಲ, ಕಂಡದ್ದನ್ನು ಹೇಳಿದ್ದೀರಿ. ಲೇಖನ ಇಲ್ಲಿಂದ ಶುರುವಾಗಲಿ.

ಹಾಲ್‌ಮಾರ್ಕ್ ಅನ್ನುವ ಶುದ್ಧತೆಯ ಮುದ್ರೆ ಬಗ್ಗೆ ಎರಡು ಪುಟ ಜಾಸ್ತಿಯಾಯಿತು. ಬೆಳ್ಳಿಗೆ 2005ರಲ್ಲಿ ಮುದ್ರೆ ಬಂತು, ಚಿನ್ನಕ್ಕೆ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು ಅಂದರೆ ಸಾಕು. ಮುಖ ನೋಡಿ ಕೊಳ್ಳುತ್ತಿದ್ದವರು ಮುದ್ರೆ ನೋಡತೊಡಗಿದಾಗ ಅಪ್ಪನಿಗೆ ಏನನ್ನಿಸಿತು ಅಂತ ಅವರ ಬಾಯಲ್ಲೇ ಬರಲಿ. ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಬರೆಯಿರಿ.

1500 ಪದ ಮೀರಬೇಡಿ. ಬೋರ್ಡಿನ ಎರಡು ಫೋಟೋ ಇರಲಿ, ಮಂತ್ರಿಗಳು ಶೋರೂಂ ಉದ್ಘಾಟಿಸುವುದು ಬೇಡ. ಎರಡು ತಿಂಗಳು ತೆಗೆದುಕೊಂಡರೂ ಅಡ್ಡಿಯಿಲ್ಲ. ಮತ್ತೆ ಕಳಿಸುವಾಗ ಕೊನೆಯಲ್ಲಿ ಅಂಗಡಿಯ ಫೋನ್ ನಂಬರ್ ಮಾತ್ರ ಹಾಕಬೇಡಿ.

ಇಂತಿ,
ಸಂಪಾದಕ