ಜರ್ಮನಿಯಲ್ಲಿ ಮಗುವಿನ ಜೊತೆ ಫುಟ್‌ಪಾತ್ ಮೇಲೆ ಸೈಕಲ್ ಓಡಿಸಬಹುದಾ?

ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಗಿದೆ, ಆರು ವರ್ಷದ ಮಗಳ ಹಿಂದೆ ಫುಟ್‌ಪಾತ್ ಮೇಲೆ ಸೈಕಲ್ ತುಳಿಯುತ್ತಿದ್ದಾಗ ಅಜ್ಜಿಯೊಬ್ಬರು ಗದರಿದರು, ತಪ್ಪು ನಂದಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ಎಂಟು ವರ್ಷ ತುಂಬುವವರೆಗೆ ಮಕ್ಕಳು ಇಲ್ಲಿ ರಸ್ತೆಗೆ ಇಳಿಯುವ ಹಾಗೇ ಇಲ್ಲ. ಫುಟ್‌ಪಾತ್ ಮೇಲೆಯೇ ಓಡಿಸಬೇಕು. ರಸ್ತೆಯಿಂದ ಪೂರ್ತಿ ಬೇರೆ ಮಾಡಿ ಕಟ್ಟಿದ ಸೈಕಲ್ ದಾರಿ ಇದ್ದರೆ ಅದೂ ಸರಿ, ರಸ್ತೆಯಲ್ಲೇ ಬಿಳಿ ಗೆರೆ ಎಳೆದು ಬಿಟ್ಟ ಜಾಗ ಮಾತ್ರ ಅವರಿಗಲ್ಲ. 2016ರ ಡಿಸೆಂಬರ್‌ವರೆಗೆ ಮಗು ಫುಟ್‌ಪಾತ್ ಮೇಲೆ, ಅಪ್ಪ ಅಮ್ಮ ರಸ್ತೆಯಲ್ಲಿ ಅಂತ ಇತ್ತು. ಆಮೇಲೆ ನಿಯಮ ಬದಲಾಯಿತು. ಈಗ 16 ತುಂಬಿದವರೊಬ್ಬರು ಅಂಥ ಮಗುವನ್ನು ನೋಡಿಕೊಳ್ಳುತ್ತಾ ಜೊತೆಗೇ ಹೋಗಬಹುದು. ಹಳೆಯ ನಿಯಮವನ್ನೇ ನೆನಪಿಟ್ಟುಕೊಂಡವರು ಇನ್ನೂ ಎಷ್ಟೋ ಜನ ಇದ್ದಾರೆ. ಆದರೂ ಅಜ್ಜಿಯ ಜೊತೆ ವಾದ ಬೇಡ. ಫುಟ್‌ಪಾತ್ ನಡೆಯುವವರದು, ಅವರಿಗೆ ಅಡ್ಡಿಯಾಗಬಾರದು ಅಂತ ಅದೇ ನಿಯಮ ಹೇಳುತ್ತದೆ. ನಿಧಾನ ಮಾಡಿ, ಬೇಕಾದರೆ ಇಳಿದು ದಾರಿ ಬಿಡಿ.

ಒಂದು ಮಾತು ಮರೆಯಬೇಡಿ: ಈ ಅವಕಾಶ ಇರುವುದು ಮಗು ಜೊತೆಗಿದ್ದಾಗ ಮಾತ್ರ. ಮಗನನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಬಂದ ದಾರಿಯಲ್ಲೇ ಒಬ್ಬನೇ ವಾಪಸ್ ಹೋಗುತ್ತಿದ್ದೆ. ಪೊಲೀಸರು ನಿಲ್ಲಿಸಿ 55 ಯೂರೋ ದಂಡ ಹಾಕಿದರು. ನ್ಯಾಯವಾಗಿಯೇ ಹಾಕಿದರು.

ರಸ್ತೆ ದಾಟುವ ಮುಂಚೆ ಇಬ್ಬರೂ ಸೈಕಲ್‌ನಿಂದ ಇಳಿಯಬೇಕು. ಇದನ್ನು ಈಗಿನಿಂದಲೇ ರೂಢಿ ಮಾಡಿಸಿ. ಮನೆಗಳ ಗೇಟಿನಿಂದ ಕಾರು ಹಿಂದಕ್ಕೆ ಬರುವ ಜಾಗದಲ್ಲೂ ಜಾಸ್ತಿ ಹುಷಾರಾಗಿರಿ.

ನನಗೆ ಕಷ್ಟ ಆಗಿದ್ದು ಮಗನಿಗೆ ಎಂಟು ತುಂಬಿದ ಮೇಲೆ. ಮಕ್ಕಳು ಹತ್ತರವರೆಗೆ ಫುಟ್‌ಪಾತ್ ಬಳಸಬಹುದು, ಆದರೆ ಜೊತೆಗೆ ಹೋಗುವ ದೊಡ್ಡವರು ಎಂಟಕ್ಕೇ ರಸ್ತೆಗೆ ಇಳಿಯಬೇಕು. ಇಬ್ಬರ ನಡುವೆ ಸಾಲಾಗಿ ನಿಂತ ಕಾರುಗಳು. ಅವುಗಳ ಮೇಲಿಂದ ಅವನ ಹೆಲ್ಮೆಟ್ ಮಾತ್ರ ಆಗಾಗ ಕಾಣುತ್ತಿತ್ತು. ಶಾಲೆಯಲ್ಲಿ ಸೈಕಲ್ ಪರೀಕ್ಷೆ ನಡೆಯುವುದೇ ನಾಲ್ಕನೇ ಕ್ಲಾಸಿನಲ್ಲಿ, ಅಲ್ವಾ? ಅಲ್ಲಿಯವರೆಗಾದರೂ ಜೊತೆಗಿರಲು ಬಿಡಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ನಿಮಗೆ ಇನ್ನೂ ಎರಡು ವರ್ಷ ಇದೆ. ಅವಳಿಗೆ ಎಂಟು ತುಂಬಿದ ಮೇಲೆ ಭಾನುವಾರ ಬೆಳಗ್ಗೆ, ಅಂಗಡಿಗಳು ಮುಚ್ಚಿ ರಸ್ತೆ ಖಾಲಿ ಇರುವಾಗ, 30 ಕಿಲೋಮೀಟರ್ ವೇಗಮಿತಿಯ ಒಳರಸ್ತೆಗಳಲ್ಲಿ ಜೊತೆಗೆ ಓಡಿಸಿ. ನಾವೂ ಹಾಗೇ ಶುರು ಮಾಡಿದೆವು.