ಹೆಪ್ಪುಗಟ್ಟಿದೋರಿಗೋಸ್ಕರ ಹಡಗು ನಿಲ್ಲಿಸ್ಬೇಕಾ? (ಸಂಪಾದಕರ ಉತ್ತರ)

ದಾವಣಗೆರೆಯಿಂದ ಒಬ್ಬ ನಿವೃತ್ತ ಯೋಧರು ಪತ್ರ ಬರೆದಿದಾರೆ. ಹೋದ ಸಂಚಿಕೆಲಿ ನಾವು ಸ್ಟಾರ್ ಟ್ರೆಕ್ ಅನ್ನೋ ಅಂತರಿಕ್ಷ ಹಡಗಿನ ಕಥೆಯ ಅಮೆರಿಕನ್ ಟಿವಿ ಸೀರಿಯಲ್‌ನ 'ದಿ ನ್ಯೂಟ್ರಲ್ ಝೋನ್' ಎಪಿಸೋಡ್ ಬಗ್ಗೆ ಹಾಕಿದ್ದ ಲೇಖನ ಅವರಿಗೆ ಹಿಡಿಸಿಲ್ಲ. ಅವರು ಹೇಳೋದು ಇಷ್ಟು: ಗಡಿಲಿ ಯುದ್ಧ ಶುರುವಾಗೋ ಹಾಗಿದೆ, ಹಡಗಲ್ಲಿ ಸಾವಿರ ಜನ ಇದಾರೆ, ಅಂಥ ಹೊತ್ತಲ್ಲಿ ಯಾವ್ದೋ ಕಾಲದಲ್ಲಿ ಸತ್ತು, ಮುಂದೆ ಎಬ್ಬಿಸ್ಬಹುದು ಅಂತ ಹೆಪ್ಪುಗಟ್ಟಿಸಿಟ್ಟ ಮೂರು ಜನನ ಎತ್ಕೊಂಡು ಬರೋದು ಜವಾಬ್ದಾರಿ ಇಲ್ಲದ ಕೆಲಸ, ಗಡಿ ಕಥೆಗೂ ಅವರಿಗೂ ಸಂಬಂಧಾನೇ ಇಲ್ಲ, ಅದೂ ಅಲ್ದೆ ಹೆಪ್ಪುಗಟ್ಟಿದೋರು ಎದ್ದು ಕೂರೋದು ಸುಳ್ಳು, ವಿಜ್ಞಾನ ಪತ್ರಿಕೆ ಅದನ್ನ ಹೊಗಳಬಾರ್ದು. ಕೊನೇಲಿ ಒಂದು ಪ್ರಶ್ನೆ ಕೇಳಿದಾರೆ, ಅದಕ್ಕೆ ನಾನೂ ಕೊನೇಲೇ ಬರ್ತೀನಿ.

ಸಾರ್, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಒಂದು ಸಣ್ಣ ವಿಷಯ ಸರಿ ಮಾಡ್ಬಿಡ್ತೀನಿ, ನಮ್ಮ ಲೇಖನದಲ್ಲೇ ಅದು ಬಿಟ್ಟು ಹೋಗಿತ್ತು, ತಪ್ಪು ನಮ್ದೇ. ಹಡಗು ಗಡಿಗೆ ಹೊರಟಿದ್ದಾಗ ದಾರೀಲಿ ನಿಲ್ಲಿಸಿದ್ದಲ್ಲ. ಕ್ಯಾಪ್ಟನ್ ಪಿಕಾರ್ಡ್ ತುರ್ತು ಮೀಟಿಂಗ್‌ಗೆ ಹೋಗಿದ್ರು, ಅವರು ವಾಪಸ್ ಬರೋವರೆಗೂ ಹಡಗು ಕಾಯ್ತಾ ಇತ್ತು, ಆಗ ಪಕ್ಕದಲ್ಲೇ ತೇಲ್ತಾ ಬಂತು ಹೆಪ್ಪುಗಟ್ಟಿದೋರನ್ನ ಇಟ್ಟಿದ್ದ ಆ ಹಳೇ ಕ್ಯಾಪ್ಸೂಲ್. ಬಿಟ್ಬಿಡೋಣ ಅನ್ನೋ ಯೋಚನೇನೇ ಮೊದ್ಲು ಬಂದಿದ್ದು. ಹಡಗಿನ ಆಫೀಸರ್ ಆಗಿರೋ ಡೇಟಾ ಅನ್ನೋ ಯಂತ್ರಮಾನವ, ಹೋಗಿ ನೋಡ್ತೀನಿ ಅಂದ, ಇನ್ನೊಬ್ಬ ಆಫೀಸರ್ ವೋರ್ಫ್ ಅವನ ಜೊತೆಗೆ ಹೋದ. ಒಳಗೆ ಎಷ್ಟೋ ಪೆಟ್ಟಿಗೆ ಕೆಟ್ಟು ಹೋಗಿ ಅದರಲ್ಲಿದ್ದೋರು ಉಳಿದಿರ್ಲಿಲ್ಲ, ಮೂರು ಮಾತ್ರ ಇನ್ನೂ ಕೆಲಸ ಮಾಡ್ತಿದ್ವು, ಅವೂ ಹೆಚ್ಚು ದಿನ ಬಾಳೋ ಹಾಗಿರ್ಲಿಲ್ಲ. ಎತ್ಕೊಂಡು ಬಂದ್ರು.

ನೀವು ಹೇಳಿದ್ದನ್ನೇ ಪಿಕಾರ್ಡೂ ಹೇಳ್ತಾರೆ ಅನ್ನೋದು ನೀವು ಗಮನಿಸಿರ್ತೀರ. ಸತ್ತೇ ಹೋಗಿದ್ರಲ್ಲ, ಇನ್ನೇನು ಆಗ್ತಿತ್ತು ಅವರಿಗೆ ಅನ್ನೋ ಥರ ಮಾತಾಡ್ತಾರೆ, ಅವರಿಗೆ ತುಂಬ ಕಿರಿಕಿರಿ ಆಗಿದೆ. ಅವರ ತಲೇಲಿ ಇರೋದು ರೋಮುಲನ್ನರು ಅನ್ನೋ ಅನ್ಯಗ್ರಹದೋರ ಗಡಿ, ಐವತ್ತು ವರ್ಷದಿಂದ ಸದ್ದೇ ಇಲ್ಲದ ಶತ್ರು, ಮಾಯ ಆಗಿರೋ ಔಟ್‌ಪೋಸ್ಟ್‌ಗಳು. ನಾನು ಅವರನ್ನ ತಪ್ಪು ಅನ್ನಲ್ಲ. ಆದ್ರೆ ಆ ಹೊತ್ತಲ್ಲಿ ಸರಿಯಾಗಿ ಯೋಚನೆ ಮಾಡಿದ್ದು ಡೇಟಾ ಅಂತ ನನ್ನ ನಂಬಿಕೆ. ಯಾಕಂದ್ರೆ ಸತ್ತಿದಾರಾ ಇಲ್ವಾ ಅನ್ನೋದನ್ನ ಹೊರಗಿಂದ ನೋಡಿ ತೀರ್ಮಾನ ಮಾಡೋಕಾಗಲ್ಲ, ಹತ್ರ ಹೋಗಿ ನೋಡ್ಬೇಕು.

ಇದಕ್ಕೆ ನಿಮಗೆ ನಾನು ಆಕಾಶದ ಉದಾಹರಣೆ ಕೊಡಲ್ಲ ಸಾರ್. ನಿಮಗೇ ನೆನಪಿರತ್ತೆ, 2016 ಫೆಬ್ರವರಿ 3, ಸಿಯಾಚಿನ್. ಎರಡು ದೇಶ ನಮ್ದು ನಮ್ದು ಅನ್ನೋ ಜಾಗ, 19,600 ಅಡಿ ಎತ್ತರ, ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಹಿಮದ ಕೆಳಗೆ ಸಿಕ್ಕಿಹಾಕ್ಕೊಂಡ್ರು. ಯಾರೂ ಉಳಿದಿರೋ ಸಾಧ್ಯತೆ ಇಲ್ಲ ಅಂತಾನೇ ಎಲ್ರೂ ಅಂದುಕೊಂಡಿದ್ವಿ, ಪೇಪರ್‌ನಲ್ಲೂ ಹಾಗೇ ಬಂತು. ಆದ್ರೂ ಅಗೆಯೋದು ನಿಲ್ಲಿಸ್ಲಿಲ್ಲ. ಕಾಂಕ್ರೀಟ್ ಥರ ಗಟ್ಟಿಯಾಗಿದ್ದ ಐಸು, ಅದನ್ನ ಕಟ್ಟರ್ ಹಾಕಿ ಕೊಯ್ದು, ನಾಯಿಗಳು ಮೂಸಿ ತೋರಿಸಿದ ಕಡೆ ಇಳಿದು, ಆರನೇ ದಿನ ರಾತ್ರಿ 25 ಅಡಿಗೂ ಕೆಳಗೆ ಸಿಕ್ಕಿದ್ರಲ್ಲ ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಉಸಿರಾಡ್ತಾ ಇದ್ರು. ಆ ಸುದ್ದಿ ಬಂದ ದಿನ ನಮ್ಮ ಆಫೀಸಲ್ಲಿ ಪೇಜ್ ಮಾಡ್ತಿದ್ದ ಹುಡುಗ ಕೀಬೋರ್ಡ್ ಮೇಲೆ ಕೈ ಇಟ್ಕೊಂಡು ಹಾಗೇ ಕೂತ್ಬಿಟ್ಟಿದ್ದ, ಒಂದು ಅಕ್ಷರ ಟೈಪ್ ಮಾಡ್ಲಿಲ್ಲ. ಕರ್ನಾಟಕದಲ್ಲಿ ದೇವರಿಗೆ ಕೈ ಮುಗಿಯದೆ ಇದ್ದ ಮನೆ ಇರ್ಲಿಲ್ಲ ಅನ್ಸತ್ತೆ ಆ ಮೂರು ದಿನ. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಲಿ ಅವರು ತೀರಿಕೊಂಡ್ರು.

ಉಳಿಲಿಲ್ಲ ಅಂತ ಆ ಅಗೆದಿದ್ದು ವ್ಯರ್ಥ ಆಯ್ತು ಅಂತ ನೀವು ಖಂಡಿತ ಹೇಳಲ್ಲ. ಆ ಜಾಗದಲ್ಲಿ ಗಡಿ ಕಾಯೋ ಕೆಲಸ ಒಂದು ದಿನಾನೂ ನಿಂತಿರ್ಲಿಲ್ಲ, ಅಗೆಯೋ ಕೆಲಸಾನೂ ನಿಂತಿರ್ಲಿಲ್ಲ, ಎರಡೂ ಒಟ್ಟೊಟ್ಟಿಗೇ ನಡೀತು. ಇನ್ನೊಂದು ವಿಷಯ, ಹಿಮ ಕುಸಿದ ಸುದ್ದಿ ಗೊತ್ತಾದ ಮೇಲೆ ಪಾಕಿಸ್ತಾನದ ಸೇನೆ ಕಡೆಯಿಂದ ಸಹಾಯ ಬೇಕಾ ಅಂತ ಕೇಳಿದ್ರು, ನಮ್ಮೋರು ಬೇಡ ಅಂದ್ರು, ಆದ್ರೆ ಕೇಳಿದ್ದಂತೂ ನಿಜ. ಅಂತರಿಕ್ಷದ ವಿಷಯದಲ್ಲೂ ಹೀಗೇ, 1968ರಲ್ಲಿ, ಅಮೆರಿಕ ರಷ್ಯಾ ಎರಡೂ ಕತ್ತಿ ಮಸೀತಿದ್ದ ಕಾಲದಲ್ಲೇ, ಕಷ್ಟಕ್ಕೆ ಸಿಕ್ಕ ಗಗನಯಾತ್ರಿ ಯಾವ ದೇಶದೋನೇ ಆಗಿರ್ಲಿ ಅವನನ್ನ ಕಾಪಾಡಿ ವಾಪಸ್ ಕಳಿಸ್ಬೇಕು ಅಂತ ಒಪ್ಪಂದ ಮಾಡ್ಕೊಂಡ್ರು, ಭಾರತಾನೂ ಅದರಲ್ಲಿದೆ.

ಈಗ ವಿಜ್ಞಾನ. ಇಲ್ಲಿ ನೀವು ಹೇಳಿದ್ದು ಮುಕ್ಕಾಲು ಪಾಲು ಸರಿ. ಹಾಗೆ ಸತ್ತ ಮೇಲೆ ಹೆಪ್ಪುಗಟ್ಟಿಸಿಟ್ಟ ಮೊದಲ ಮನುಷ್ಯ ಜೇಮ್ಸ್ ಬೆಡ್‌ಫರ್ಡ್, 1967 ಜನವರಿ 12. ಇವತ್ತಿಗೂ ಅಮೆರಿಕದ ಅರಿಜೋನಾದಲ್ಲಿ ದ್ರವ ನೈಟ್ರೋಜನ್ನಿನಲ್ಲಿ ಮೈನಸ್ 196 ಡಿಗ್ರಿಲಿ ಇದಾರೆ. ಇಲ್ಲಿವರೆಗೂ ಹಾಗೆ ಇಟ್ಟ ಒಬ್ರನ್ನೂ ಎಬ್ಬಿಸೋಕಾಗಿಲ್ಲ. ಫ್ರೀಜರ್‌ನಲ್ಲಿ ನೀರು ತುಂಬಿದ ಗಾಜಿನ ಬಾಟ್ಲಿ ಮರೆತ್ರೆ ಏನಾಗತ್ತೆ ಗೊತ್ತಲ್ಲ, ನೀರು ಐಸ್ ಆಗ್ತಾ ಸುಮಾರು ಶೇ. 9ರಷ್ಟು ಉಬ್ಬತ್ತೆ, ಬಾಟ್ಲಿ ಒಡೆಯತ್ತೆ. ಜೀವಕೋಶಕ್ಕೆ ಉಬ್ಬೋದಕ್ಕಿಂತ ಹೆಚ್ಚು ಪೆಟ್ಟು ಕೊಡೋದು ಐಸಿನ ಹರಳುಗಳ ಚೂಪು, ಜೊತೆಗೆ ಉಳಿದ ನೀರಲ್ಲಿ ಉಪ್ಪಿನ ಅಂಶ ಜಾಸ್ತಿ ಆಗ್ತಾ ಹೋಗೋದು. ಅದಕ್ಕೇ ಈಗ ರಾಸಾಯನಿಕ ತುಂಬಿ ಹರಳೇ ಕಟ್ಟದ ಹಾಗೆ ಗಾಜಿನ ಥರ ಗಟ್ಟಿ ಮಾಡ್ತಾರೆ. ಕೆಲವೇ ಕೋಶಗಳ ಭ್ರೂಣಕ್ಕೆ ಇದು ಚೆನ್ನಾಗಿ ಕೆಲಸ ಮಾಡತ್ತೆ, ನಮ್ಮ ಬೆಂಗಳೂರಿನ ಐವಿಎಫ್ ಸೆಂಟರ್‌ಗಳಲ್ಲಿ ದಿನಾ ನಡೆಯೋದೇ ಇದು, ವರ್ಷಗಟ್ಲೆ ಹೆಪ್ಪಾಗಿದ್ದ ಭ್ರೂಣದಿಂದ ಹುಟ್ಟಿದ ಮಕ್ಕಳು ನಮ್ಮ ಮಧ್ಯೆ ಸ್ಕೂಲಿಗೆ ಹೋಗ್ತಿದಾರೆ. ಪೂರ್ತಿ ದೇಹ ಬೇರೆ ಮಾತು. ತಣ್ಣಗೆ ಮಾಡೋದಕ್ಕಿಂತ ಒಂದೇ ಸಮ ಬಿಸಿ ಮಾಡೋದು ಕಷ್ಟ, ಒಂದು ಕಡೆ ಕರಗಿ ಇನ್ನೊಂದು ಕಡೆ ಗಟ್ಟಿ ಇದ್ರೆ ಬಿರುಕು ಬಿಡತ್ತೆ. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದೋರು 100 ದಿನದವರೆಗೂ ಹೀಗಿಟ್ಟ ಇಲಿ ಕಿಡ್ನಿನ, ಒಳಗೆ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣ ತುಂಬಿ ಕಾಂತಕ್ಷೇತ್ರದಿಂದ ಎಲ್ಲಾ ಕಡೆ ಒಟ್ಟಿಗೆ ಬೆಚ್ಚಗೆ ಮಾಡಿ, ಬೇರೆ ಇಲಿಗೆ ಜೋಡಿಸಿದ್ರು, ಅದು ಕೆಲಸ ಮಾಡ್ತು. ಕಿಡ್ನಿ, ಅದೂ ಇಲೀದು. ಅಷ್ಟೇ ಈಗ ನಾವಿರೋ ಜಾಗ.

ಕೊಪ್ಪದ ಅವರ ವಿಷಯದಲ್ಲೂ ಡಾಕ್ಟ್ರು ಹೇಳಿದ್ದು, ಕಾರಣ ಬೇರೆ ಆದ್ರೂ, ಬೆಚ್ಚಗೆ ಮಾಡೋ ಹೊತ್ತಿನ ಅಪಾಯಾನೇ, ತಣ್ಣಗಾದ ಭಾಗಗಳು ಬೆಚ್ಚಗಾಗಿ ರಕ್ತ ಮತ್ತೆ ಓಡೋಕೆ ಶುರುವಾದಾಗ ತೊಂದರೆ ಜಾಸ್ತಿ ಆಗಬಹುದು ಅಂತ.

ಆದ್ರೆ ಪೂರ್ತಿ ಹೆಪ್ಪುಗಟ್ಟದೆ ಬರೀ ತಣ್ಣಗಾಗಿ ಸತ್ತ ಹಾಗೆ ಕಾಣೋರು ಇದಾರಲ್ಲ, ಅವರ ವಿಷಯದಲ್ಲಿ ನೀವು ಹೇಳಿದ್ದು ಸರಿ ಇಲ್ಲ. 1999ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಅನ್ನಾ ಬೋಗನ್‌ಹೋಮ್ ಅನ್ನೋ ಡಾಕ್ಟರ್ ಸ್ಕೀ ಮಾಡ್ತಾ ಬಿದ್ದು ಹೆಪ್ಪುಗಟ್ಟಿದ ತೊರೆಯ ಕೆಳಗೆ 80 ನಿಮಿಷ ಸಿಕ್ಕಿಹಾಕ್ಕೊಂಡ್ರು, ಹೊರಗೆ ತೆಗೆದಾಗ ಎದೆ ಬಡಿತ ಇಲ್ಲ, ಉಸಿರಿಲ್ಲ, ಮೈ 13.7 ಡಿಗ್ರಿ. ಟ್ರೋಮ್ಸೋ ಆಸ್ಪತ್ರೆಯೋರು ಕೈ ಬಿಡದೆ ರಕ್ತನ ಹೊರಗೆ ಮೆಷಿನ್ನಿಗೆ ತೆಗೆದು ಬೆಚ್ಚಗೆ ಮಾಡಿ ವಾಪಸ್ ಕಳಿಸ್ತಾ ಹೋದ್ರು. ಆಕೆ ಬದುಕಿದ್ರು, ಆಮೇಲೆ ಅದೇ ಆಸ್ಪತ್ರೇಲಿ ಡಾಕ್ಟರಾಗಿ ಕೆಲಸಕ್ಕೂ ಸೇರಿದ್ರು. ಬೆಚ್ಚಗೆ ಮಾಡಿ ನೋಡೋವರೆಗೂ ಸತ್ತಿದಾರೆ ಅಂತ ಹೇಳ್ಬೇಡಿ ಅಂತ ಡಾಕ್ಟ್ರುಗಳಲ್ಲಿ ಒಂದು ಮಾತಿದೆ, ಅದು ಇಂಥಾ ಕೇಸುಗಳಿಂದ ಗಟ್ಟಿಯಾಗಿರೋದು.

ಗಡಿ ಕಥೆಗೂ ಇವರಿಗೂ ಸಂಬಂಧ ಇಲ್ಲ ಅಂದ್ರಲ್ಲ, ಇನ್ನೊಂದು ಸಲ ನೋಡಿ. ಎದ್ದ ಮೂವರಲ್ಲಿ ಒಬ್ಬ ವ್ಯಾಪಾರಸ್ಥ, ಆಫೆನ್‌ಹೌಸ್. ಎಲ್ರಿಗೂ ತಲೆನೋವು ಕೊಡ್ತಾನೆ ನಿಜ. ಆದ್ರೆ ರೋಮುಲನ್ನರ ಹಡಗು ಎದುರಿಗೆ ನಿಂತು ಇನ್ನೇನು ಗುಂಡು ಹಾರತ್ತೆ ಅನ್ನೋ ಹೊತ್ತಲ್ಲಿ, ಹೇಳದೆ ಕೇಳದೆ ಪಿಕಾರ್ಡ್ ಇದ್ದ ಕಂಟ್ರೋಲ್ ರೂಮಿಗೆ ನುಗ್ಗಿದ ಅವನೇ ರೋಮುಲನ್ನರ ಮುಖ ನೋಡಿ ಹೇಳೋದು, ಅವರಿಗೂ ಏನೂ ಗೊತ್ತಿಲ್ಲ, ಕೇಳೋಕೆ ಅಹಂಕಾರ ಬಿಡ್ತಿಲ್ಲ ಅಷ್ಟೇ ಅಂತ. ಅವರ ಔಟ್‌ಪೋಸ್ಟೂ ಹಾಗೇ ಮಾಯ ಆಗಿರತ್ತೆ. ಜೀವನ ಪೂರ್ತಿ ಚೌಕಾಸಿ ಮಾಡಿದೋನ ಕಣ್ಣಿಗೆ ಬಿದ್ದಿದ್ದು ಅಷ್ಟು ಜನ ಆಫೀಸರ್‌ಗಳಿಗೆ ಕಾಣಿಸಿರ್ಲಿಲ್ಲ.

ನಿಮ್ಮ ಕೊನೇ ಪ್ರಶ್ನೆ, ಅಷ್ಟು ಕಾಲ ಆದ್ಮೇಲೆ ಎಬ್ಬಿಸಿ ಆ ಹೆಣ್ಣುಮಗಳಿಗೆ ಏನು ಸಿಕ್ತು, ಗಂಡ ಇಲ್ಲ ಮಕ್ಕಳಿಲ್ಲ ಅಂತ. ಎದ್ದ ಮೂವರಲ್ಲಿ ಒಬ್ಬಳಾದ ಆ ಕ್ಲೇರ್‌ಗೆ ತನ್ನನ್ನ ಹೀಗೆ ಇಡ್ತಾರೆ ಅಂತಾನೂ ಗೊತ್ತಿರ್ಲಿಲ್ಲ, ಗಂಡ ಮಾಡಿಸಿದ್ದು, ಬಿಟ್ಟುಕೊಡೋಕೆ ಮನಸ್ಸಾಗದೆ. ಇಸವಿ 2364 ಅಂತ ಕೇಳಿದಾಗ ಚಿಕ್ಕ ಮಕ್ಕಳನ್ನ ನೆನೆಸ್ಕೊಂಡು ಅಳ್ತಾಳೆ, ಆ ಅಳುಗೆ ನನ್ನ ಹತ್ರ ಉತ್ತರ ಇಲ್ಲ ಸಾರ್. ಆಮೇಲೆ ಹಡಗಿನ ಆಪ್ತಸಲಹೆಗಾರ್ತಿ ಟ್ರಾಯ್ ಅವಳ ಪಕ್ಕ ಕೂತು ವಂಶದ ದಾಖಲೆ ಹುಡುಕ್ತಾಳೆ, ಮಗನ ಮಗ ಅವನ ಮಗ ಅಂತ ಕೆಳಗೆ ಇಳೀತಾ ಇಳೀತಾ ಭೂಮಿ ಮೇಲೆ ಈಗ ಬದುಕಿರೋ ಒಬ್ಬನ ಫೋಟೋ ಸ್ಕ್ರೀನಿಗೆ ಬರತ್ತೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡ್ತಾಳೆ. ಮುಖ ಥೇಟ್ ಅವಳ ಗಂಡಂದೇ.